ಚಾಲ್ತಿ ಖಾತೆಯಲ್ಲಿ ಕೂತಿರುವ ಮನೆಯ ಹಣ

ಪ್ರಶ್ನೆ: ಕಾರಟಗಿಯಲ್ಲಿ ನನ್ನದೊಂದು ಬೀಜ, ಗೊಬ್ಬರದ ಅಂಗಡಿ ಇದೆ. ಭತ್ತದ ಕೊಯ್ಲು ಮುಗಿದು ರೈತರ ಉದ್ರಿ ವಸೂಲಾದ ಮೇಲೆ ಸುಮಾರು 7 ಲಕ್ಷ ರೂಪಾಯಿ ಅಂಗಡಿಯ ಚಾಲ್ತಿ ಖಾತೆಯಲ್ಲಿ ನಾಲ್ಕು ತಿಂಗಳು ಸುಮ್ಮನೆ ಕೂರುತ್ತದೆ. ಅದರಲ್ಲಿ 4 ಲಕ್ಷ ಗಂಗಾವತಿಯಲ್ಲಿ ಮನೆ ಕೊಳ್ಳಲೆಂದು ಉಳಿಸಿದ್ದು. ಲಂಡನ್ನಿನಲ್ಲಿರುವ ಅಕ್ಕನ ಮಗ ತನ್ನ ಕರೆಂಟ್ ಅಕೌಂಟಿಗೆ ಬಡ್ಡಿ ಬರುತ್ತದೆ ಎನ್ನುತ್ತಾನೆ. ನಮಗೇಕಿಲ್ಲ? ಬೇರೊಂದು ಬ್ಯಾಂಕಿನಲ್ಲಿ ಅಂಗಡಿಯ ಸಿಸಿ ಸಾಲ (ಮಿತಿಯೊಳಗೆ ಬೇಕಾದಾಗ ತೆಗೆದು ಕಟ್ಟುವ ಕ್ಯಾಶ್ ಕ್ರೆಡಿಟ್) 5 ಲಕ್ಷ ಬಾಕಿ ಇದೆ.

ಉತ್ತರ: ನಿಮ್ಮ ಅಳಿಯ ಹೇಳುವುದು ಸುಳ್ಳಲ್ಲ, ಆದರೆ ಹೆಸರು ಒಂದೇ ಆದರೂ ಖಾತೆ ಬೇರೆ. ಬ್ರಿಟನ್ನಿನಲ್ಲಿ ಕರೆಂಟ್ ಅಕೌಂಟ್ ಎಂದರೆ ಸಂಬಳ ಬೀಳುವ, ಮನೆಖರ್ಚು ನಡೆಯುವ ಸಾಮಾನ್ಯ ಖಾತೆ. ತಿಂಗಳಿಗೆ ಇಂತಿಷ್ಟು ಹಣ ಜಮೆಯಾಗಬೇಕು ಎಂಬಂಥ ಷರತ್ತುಗಳೊಡನೆ, ಒಂದು ಮಿತಿಯವರೆಗಿನ ಮೊತ್ತಕ್ಕೆ ಕೆಲವು ಬ್ಯಾಂಕುಗಳು ಅದಕ್ಕೆ ಬಡ್ಡಿ ಕೊಡುತ್ತವೆ. ನಮ್ಮಲ್ಲಿ ಚಾಲ್ತಿ ಖಾತೆ ಇರುವುದು ವ್ಯಾಪಾರಕ್ಕೆ, ಮತ್ತು ಅದಕ್ಕೆ ಬಡ್ಡಿ ಕೊಡಕೂಡದೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಖಾತೆದಾರ ತೀರಿಕೊಂಡರೆ ಮಾತ್ರ, ಆ ದಿನದಿಂದ ವಾರಸುದಾರರಿಗೆ ಹಣ ಸಂದಾಯವಾಗುವವರೆಗೆ ಉಳಿತಾಯ ಖಾತೆಯ ದರದಲ್ಲಿ ಬಡ್ಡಿ ಸಿಗುತ್ತದೆ. ಆ ಬಡ್ಡಿ ನಮಗೆ ಬೇಡ.

ಹಾಗೆಂದು ಅಂಗಡಿಯ ವಹಿವಾಟನ್ನೇ ಉಳಿತಾಯ ಖಾತೆಗೆ ತಿರುಗಿಸಲು ಹೋಗಬೇಡಿ. ವ್ಯಾಪಾರ ಸಂಸ್ಥೆಯ ಹೆಸರಿನಲ್ಲಿ ಉಳಿತಾಯ ಖಾತೆ ತೆರೆಯುವಂತಿಲ್ಲ. ಆದರೆ ಅಂಗಡಿಗೆ ನೀವೊಬ್ಬರೇ ಮಾಲೀಕರಾಗಿದ್ದರೆ, ಲಾಭದ ಹಣವನ್ನು ಲೆಕ್ಕದ ಪುಸ್ತಕದಲ್ಲಿ ಸ್ವಂತಕ್ಕೆ ತೆಗೆದದ್ದೆಂದು ಬರೆದು ನಿಮ್ಮ ವೈಯಕ್ತಿಕ ಖಾತೆಗೆ ವರ್ಗಾಯಿಸಲು ಯಾವ ಅಡ್ಡಿಯೂ ಇಲ್ಲ.

ಈಗ ನೀವು ಕೊನೆಯಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಗಿಸಿದ ಸಿಸಿ ಸಾಲಕ್ಕೆ ಬರೋಣ, ಏಕೆಂದರೆ ನಿಜವಾದ ಸೋರಿಕೆ ಇರುವುದು ಅಲ್ಲಿ. ಅದರ ಬಡ್ಡಿ ಶೇ. 10 ಎಂದಿಟ್ಟುಕೊಂಡರೂ, ಅಂಗಡಿಯದೇ ಆದ 3 ಲಕ್ಷವನ್ನು ನಾಲ್ಕು ತಿಂಗಳು ಆ ಖಾತೆಗೆ ಕಟ್ಟಿಟ್ಟರೆ 10,000 ರೂಪಾಯಿ ಬಡ್ಡಿ ಉಳಿಯುತ್ತದೆ, ಮುಂಗಾರಿನ ದಾಸ್ತಾನಿಗೆ ಬೇಕಾದಾಗ ಮಿತಿಯೊಳಗೆ ಮತ್ತೆ ತೆಗೆಯಬಹುದು. ಮನೆಯ 4 ಲಕ್ಷಕ್ಕೆ ಉಳಿತಾಯ ಖಾತೆಯಲ್ಲಿ ಶೇ. 2.5ರಂತೆ ಅಷ್ಟೇ ಅವಧಿಗೆ ಸಿಗುವುದು ಸುಮಾರು 3,300, ಠೇವಣಿಯಲ್ಲಿ ಶೇ. 5ರಂತೆ ಸುಮಾರು 6,600. ಹಾಗಾದರೆ ಮನೆಯ ಹಣದಿಂದಲೂ 2 ಲಕ್ಷ ತೆಗೆದು ಸಾಲವನ್ನು ಪೂರ್ತಿ ತೀರಿಸಬಾರದೇ ಎಂದು ನೀವು ಕೇಳಬಹುದು. ಲೆಕ್ಕ ಹಾಗೆಯೇ ಹೇಳುತ್ತದೆ, ಆದರೂ ನಾನು ಬೇಡವೆನ್ನುತ್ತೇನೆ: ಮುಂಗಡ ಕಟ್ಟಿದರೆ ಚೀಲಕ್ಕೆ ಇಷ್ಟು ರಿಯಾಯಿತಿ ಎಂದು ಕಂಪನಿಯವರು ಅಂಗಡಿಯ ಕಟ್ಟೆಗೆ ಬಂದು ಕುಳಿತ ದಿನ, ಸಿಸಿಯಲ್ಲಿರುವ ಹಣ ಮನೆಯದೋ ಗೊಬ್ಬರದ್ದೋ ಎಂದು ನೀವು ನೋಡುವುದಿಲ್ಲ.

ಮನೆಯ ಹಣವನ್ನು ನಿಮ್ಮ ಹೆಸರಿನ ಉಳಿತಾಯ ಖಾತೆಗೆ ತಂದು, ನಿಗದಿತ ಮೊತ್ತ ಮೀರಿದ್ದು ತಾನಾಗಿ ಠೇವಣಿಯಾಗುವ ಆಟೋ ಸ್ವೀಪ್ ಸೌಲಭ್ಯವನ್ನು ಕೇಳಿ ಪಡೆಯಿರಿ. ನಡುವೆ ಹಣ ತೆಗೆದರೆ ಕೊನೆಗೆ ಇಟ್ಟ ಠೇವಣಿ ಮೊದಲು ಮುರಿಯುತ್ತದೆಯೇ ಎಂಬುದನ್ನೂ ವಿಚಾರಿಸಿ. ಹಾಗಿದ್ದರೆ ಹಳೆಯ ಠೇವಣಿಗಳ ಅವಧಿ ಕೆಡುವುದಿಲ್ಲ. ಈ ಬಡ್ಡಿಯನ್ನು ಆದಾಯ ತೆರಿಗೆ ವಿವರದಲ್ಲಿ ತೋರಿಸಬೇಕು.

ಆ ಖಾತೆ ಚಾಲ್ತಿ ಖಾತೆ ಇರುವ ಬ್ಯಾಂಕಿನಲ್ಲಿ ಬೇಡ. ಬ್ಯಾಂಕು ಮುಳುಗಿದರೆ ಹಣ ಮರಳಿಸುವ ಠೇವಣಿ ವಿಮೆ 2020ರ ಫೆಬ್ರುವರಿ 4ರಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಮಾತ್ರ, ಮತ್ತು ಏಕಮಾಲೀಕತ್ವದ ಅಂಗಡಿಯ ಹಣವನ್ನೂ ಮಾಲೀಕನ ಸ್ವಂತ ಹಣವನ್ನೂ ಅಲ್ಲಿ ಕೂಡಿಯೇ ಎಣಿಸುತ್ತಾರೆ. ಅಂದರೆ ನಿಮ್ಮ 7 ಲಕ್ಷದಲ್ಲಿ 2 ಲಕ್ಷ ಇವತ್ತೇ ವಿಮೆಯ ಹೊರಗಿದೆ.