ಕಾರಿನ ವಾಷರ್ ನೀರು ಹೆಪ್ಪುಗಟ್ಟಿದೆ ಅಂತ ಕೇಳಿದ ತಮ್ಮನಿಗೆ

ತಮ್ಮಾ, ಮೈಸೂರಿಂದ ಅಮೆರಿಕದ ಮಿನಿಯಾಪೊಲಿಸ್‌ಗೆ ಬಂದು ಎರಡು ತಿಂಗಳಾಯ್ತು, ಸೆಕೆಂಡ್ ಹ್ಯಾಂಡ್ ಕಾರ್ ತಗೊಂಡಿದೀನಿ, ಮುಂದಿನ ಗಾಜು ತೊಳೆಯೋ ವಾಷರ್ ಒತ್ತಿದ್ರೆ ಗುಂಯ್ ಅನ್ನುತ್ತೆ ನೀರು ಬರ್ತಿಲ್ಲ, ಬಿಸಿನೀರು ಹುಯ್ಲಾ ಅಂತ ಕೇಳಿದೀಯ. ಬೇಡ. ಗ್ಲಾಸ್ ಮೇಲಂತೂ ಬೇಡ್ವೇ ಬೇಡ, ಈ ಚಳೀಲಿ ಗಾಜು ಸೀಳಿಬಿಡುತ್ತೆ. ಸುಮ್ಸುಮ್ನೆ ಒತ್ತುತ್ತಾ ಇರ್ಬೇಡ, ಪಂಪ್ ಸುಟ್ಟೋಗುತ್ತೆ ಇಲ್ಲಾ ಫ್ಯೂಸ್ ಹೋಗುತ್ತೆ.



ನೀನು ನಲ್ಲಿ ನೀರಿಗೆ ಎರಡು ಹನಿ ಶಾಂಪೂ ಬಿಟ್ಟು ವಾಷರ್ ಟ್ಯಾಂಕಿಗೆ ಹುಯ್ದಿರ್ತೀಯ, ಅದೇ ಹೆಪ್ಪುಗಟ್ಟಿದೆ. ನಾನೂ ಅದನ್ನೇ ಮಾಡಿದ್ದೆ. ಆಫೀಸಲ್ಲಿ ಹಿರಿಯರೊಬ್ರು ನವೆಂಬರಲ್ಲೇ ಹೇಳಿದ್ರು, ಚಳೀಲೂ ಹೆಪ್ಪುಗಟ್ಟದ ನೀಲಿ ಬಣ್ಣದ ವಿಂಟರ್ ಫ್ಲೂಯಿಡ್ ಹಾಕಪ್ಪ ಅಂತ, ನೀರಿಗೆ ಡಾಲರ್ ಕೊಡೋದಾ ಅನ್ಸಿ ಹಾಕ್ಲಿಲ್ಲ. 2009ರ ಜನವರಿ, ನಮ್ಮ ಮೊದಲನೇ ಚಳಿಗಾಲ, ಐ-94 ಹೈವೇಲಿ ಸೇಂಟ್ ಕ್ಲೌಡ್ ಊರಿನ ಕಡೆ ಹೋಗ್ತಿದ್ವಿ, ಓಡಿಸ್ತಿದ್ದೋಳು ನನ್ನ ಹೆಂಡ್ತಿ, ಹಿಂದೆ ಒಂಬತ್ತು ತಿಂಗಳ ಮಗಳು. ಪಕ್ಕದಲ್ಲಿ ಟ್ರಕ್ ಹೋಗಿದ್ದೇ ತಡ ರಸ್ತೆಗೆ ಹಾಕಿದ್ದ ಉಪ್ಪಿನ ಕೆಸರೆಲ್ಲ ಗಾಜಿಗೆ ರಾಚಿ, ಎದುರಿಗೆ ಇಳಿಬಿಸಿಲು ಬೇರೆ, ಮುಂದೆ ಬೆಳ್ಳಗೆ ಗೋಡೆ ಕಟ್ಟಿದಂಗಾಯ್ತು. ವಾಷರ್ ಒತ್ತಿದ್ಲು, ಬರ್ಲಿಲ್ಲ. ವೈಪರ್ ಹಾಕಿದ್ಲು, ಇನ್ನೂ ಬಳ್ಕೊಂಡಿತು. ಪಕ್ಕದ ಕಿಟಕಿ ಇಳಿಸಿ ಆ ಗಾಳೀಲಿ ತಲೆ ಆಚೆ ಹಾಕಿ ಹೆಂಗೋ ರಸ್ತೆ ಅಂಚಿನ ಶೋಲ್ಡರ್‌ಗೆ ತಂದು ನಿಲ್ಲಿಸಿದ್ಲು, ಆಮೇಲೆ ಎಷ್ಟೋ ಹೊತ್ತು ಸ್ಟೀರಿಂಗ್ ಬಿಡ್ಲೇ ಇಲ್ಲ, ಕೈ ನಡುಗ್ತಿತ್ತು.

ಶಿವಮೊಗ್ಗದಿಂದ ದಿನಾ ಸ್ಕೂಟೀಲಿ ಭದ್ರಾವತಿಗೆ ಹೋಗಿ ಪಾಠ ಮಾಡಿ ಬರ್ತಿದ್ದೋಳು ಅವಳು, ಮಳೇಲೂ. ಈಗ್ಲೂ ಹಿಮ ಬಿದ್ದ ದಿನ ಹೈವೇ ಹತ್ತಲ್ಲ. ನೀರು ಹುಯ್ದಿದ್ದು ನಾನು ಅಂತ ಒಂದು ದಿನಾನೂ ಅಂದಿಲ್ಲ, ಅಂದುಬಿಟ್ಟಿದ್ರೆ ವಾಸಿಯಿತ್ತು.

ಈಗ ನೀನು ಕಾರನ್ನ ಬೆಚ್ಚಗಿರೋ ಗ್ಯಾರೇಜಲ್ಲಿ ರಾತ್ರಿಯಿಡೀ ನಿಲ್ಲಿಸ್ಬೇಕು. ಕರಗಿದ ಮೇಲೆ ಹಳೇ ನೀರು ಖಾಲಿ ಆಗೋವರೆಗೂ ಒತ್ತೊತ್ತಿ ಆಚೆ ಹಾಕು, ಅದು ಉಳಿದ್ರೆ ಹೊಸ ಫ್ಲೂಯಿಡ್ ತೆಳ್ಳಗಾಗಿ ಮತ್ತೆ ಕಟ್ಟುತ್ತೆ. ಕಾರ್ ಕೆಳಗೆ ನೀರು ಸೋರಿದ್ರೆ ಟ್ಯಾಂಕ್ ಒಡೆದಿದೆ ಅಂತ, ಮಂಜುಗಡ್ಡೆ ಆದಾಗ ನೀರು ಸುಮಾರು ಶೇ. 9ರಷ್ಟು ಹಿಗ್ಗುತ್ತಲ್ಲ. ಫ್ಲೂಯಿಡ್ ಕ್ಯಾನ್ ಮೇಲೆ ಮೈನಸ್ 20 ಅಂತಿದ್ರೆ ಅಷ್ಟು ಚಳಿವರೆಗೂ ಕಟ್ಟಲ್ಲ ಅಂತ, ಅದು ಫ್ಯಾರನ್‌ಹೀಟು, ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ ಸುಮಾರು ಮೈನಸ್ 29, ಆದ್ರೆ 2019ರ ಜನವರಿ 30ಕ್ಕೆ ಇಲ್ಲಿ ಮೈನಸ್ 28 ಫ್ಯಾರನ್‌ಹೀಟ್‌ಗೆ ಇಳಿದಿತ್ತು, ಹಂಗಾಗಿ ಇನ್ನೂ ಕಡಿಮೆದು ಸಿಕ್ರೆ ಅದನ್ನೇ ತಗೋ. ಹೊರಡೋಕೆ ಮುಂಚೆ ಡಿಫ್ರಾಸ್ಟ್ ಹಾಕಿ ಗಾಜು ಬೆಚ್ಚಗೆ ಮಾಡ್ಕೋ, ತಣ್ಣನೆ ಗಾಜಿಗೆ ಬಿದ್ರೆ ಗಾಳಿಗೆ ಆ ಫ್ಲೂಯಿಡೂ ಪದರ ಕಟ್ಟುತ್ತೆ. ಅದ್ರಲ್ಲಿ ಮೆಥನಾಲ್ ಇರುತ್ತೆ, ವಿಷ, ಕುಡಿದ್ರೆ ಕಣ್ಣೇ ಹೋಗುತ್ತೆ. ಮಗು ಇದೆ ಅಂದ್ಯಲ್ಲ, ಕೈಗೆ ಸಿಗೋ ಹಂಗೆ ಇಡ್ಬೇಡ.

ನಿಮ್ಮ ಅಪಾರ್ಟ್‌ಮೆಂಟಲ್ಲಿ ಗ್ಯಾರೇಜ್ ಇಲ್ಲ ಅಂತಿದೀಯ. ನಮ್ಮನೇದಕ್ಕೆ ಹೀಟರ್ ಇದೆ, ಶುಕ್ರವಾರ ರಾತ್ರಿ ತಂದು ನಿಲ್ಸು, ನನ್ನ ಕಾರ್ ಆಚೆ ಹಾಕ್ತೀನಿ. ಟ್ರಕ್ ಓಡೋ ಹೈವೇ ಬಿಟ್ಟು ಒಳರಸ್ತೇಲಿ ನಿಧಾನಕ್ಕೆ ಬಾ.