ಹೊಸೂರಿಗೆ ಬರುವವರಿಗೆ, ತಳಿ ಊರಿನ ಕಡೆಯಿಂದ ಒಂದು ಉತ್ತರ

ಹೊಸೂರಿನಲ್ಲಿ ಕೆಲಸ ಸಿಕ್ಕಿದೆ, ತಮಿಳು ಒಂದಕ್ಷರ ಬರುವುದಿಲ್ಲ, ಹೆಂಡತಿ ಮಗುವನ್ನು ಕರೆದುಕೊಂಡು ಬಂದರೆ ಸಂಸಾರ ನಡೆಯುತ್ತದಾ ಎಂದು ಕೇಳಿದ್ದೀರಿ. ಧಾರಾಳವಾಗಿ ನಡೆಯುತ್ತದೆ. ಮಾತಿಗಾಗಿ ಪಡುತ್ತಿರುವ ಚಿಂತೆಯಲ್ಲಿ ಅರ್ಧ ತೆಗೆದು ಕಾಗದಪತ್ರಕ್ಕೆ ಇಟ್ಟುಕೊಳ್ಳಿ. ನಮ್ಮ ಕಡೆ ಜನರನ್ನು ಸುಸ್ತು ಮಾಡುವುದು ಅದು.

ಮೊದಲು ಜಾಗ ಗೊತ್ತಾಗಲಿ. ನೀವು ತಾಳವಾಡಿಯನ್ನೂ ಹೊಸೂರಿನ ಜೊತೆಗೆ ಸೇರಿಸಿದ್ದೀರಿ. ಅದು ಈರೋಡು ಜಿಲ್ಲೆ, ಚಾಮರಾಜನಗರದ ಮಗ್ಗುಲಲ್ಲಿದೆ; ರಾಜ್‌ಕುಮಾರ್ ಅವರ ಗಾಜನೂರು ಇರುವುದು ಅಲ್ಲಿ. ನಮ್ಮದು ಕೃಷ್ಣಗಿರಿ ಜಿಲ್ಲೆ. ಆನೇಕಲ್, ಮಾಲೂರಿನವರು ನಮ್ಮ ನೆರೆಯವರು. ಕನ್ನಡ ಹೆಚ್ಚಾಗಿ ಕಿವಿಗೆ ಬೀಳುವುದು ಹೊಸೂರು, ತಳಿ, ಡೆಂಕಣಿಕೋಟೆ, ಕೆಲಮಂಗಲ, ಅಂಚೆಟ್ಟಿ ಕಡೆ. ಕೃಷ್ಣಗಿರಿ ಊರು ದಾಟಿ ಊತಂಗರೆ, ಪೋಚಂಪಳ್ಳಿ ಕಡೆ ಹೋದರೆ ತಮಿಳೇ. ಇಡೀ ಜಿಲ್ಲೆಯ ಲೆಕ್ಕ ಹಿಡಿದರೆ ತಮಿಳು, ಅದರ ನಂತರ ತೆಲುಗು, ಆಮೇಲೆ ನಾವು. ಯುಗಾದಿಗೆ ಸರ್ಕಾರಿ ರಜೆ ಇದೆ, ಆದರೆ ರಜೆಯ ಪಟ್ಟಿಯಲ್ಲಿ ಅದು 'ತೆಲುಗು ಹೊಸ ವರ್ಷ'. ನಾವು ಒಬ್ಬಟ್ಟು ತಿಂದು ಸುಮ್ಮನಿರುತ್ತೇವೆ. ಏಪ್ರಿಲ್‌ನಲ್ಲಿ ತಮಿಳು ಹೊಸ ವರ್ಷಕ್ಕೆ ಇನ್ನೊಂದು ರಜೆ.

ನಾವು ಎಲ್ಲಿಂದಲೋ ಬಂದು ಇಲ್ಲಿ ನೆಲೆ ನಿಂತವರು ಎಂದು ಬೆಂಗಳೂರಿನಲ್ಲಿ ಎಷ್ಟೋ ಜನ ತಿಳಿದಿರುತ್ತಾರೆ. ನಾವು ಕದಲಲಿಲ್ಲ, ಗೆರೆ ಕದಲಿತು. ಈ ಸೀಮೆ ಮೈಸೂರಿನ ಕೈಯಲ್ಲಿತ್ತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಕೃಷ್ಣಗಿರಿ ಸುತ್ತಲಿನ ಬಾರಾಮಹಲ್ ಸೀಮೆ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಹೊಸೂರು ಭಾಗವೂ ಹೋಯಿತು. ಸೇಲಂ ಜಿಲ್ಲೆ, ಮದರಾಸು ಪ್ರಾಂತ್ಯ. 1956ರಲ್ಲಿ ರಾಜ್ಯಗಳನ್ನು ಭಾಷೆ ನೋಡಿ ಹಂಚಿದಾಗ ಕೊಳ್ಳೇಗಾಲ ಆ ಕಡೆ ಹೋಯಿತು, ಹೊಸೂರು ಇಲ್ಲೇ ಉಳಿಯಿತು. 1965ರಲ್ಲಿ ಸೇಲಂ ಒಡೆದು ಧರ್ಮಪುರಿ ಆಯಿತು, 2004ರಲ್ಲಿ ಧರ್ಮಪುರಿ ಒಡೆದು ಕೃಷ್ಣಗಿರಿ. ನಮ್ಮ ಮನೆಯ ಟ್ರಂಕಿನಲ್ಲಿ ತಾತನ ಕ್ರಯಪತ್ರ ಸೇಲಂ ಜಿಲ್ಲೆಯದು, ಅಪ್ಪನ ಪಟ್ಟಾ (ಇಲ್ಲಿಯ ಜಮೀನು ದಾಖಲೆ) ಧರ್ಮಪುರಿ ಜಿಲ್ಲೆಯದು, ಮಕ್ಕಳ ಜನನ ಪ್ರಮಾಣಪತ್ರ ಕೃಷ್ಣಗಿರಿಯದು. ಎಲ್ಲದರಲ್ಲೂ ಇರುವುದು ಅದೇ ಮನೆ, ಅದೇ ಹುಣಸೆ ಮರ.

ಮಾತಿನ ವಿಷಯಕ್ಕೆ ಬರೋಣ. ಹೊಸೂರಿನ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಅಕ್ಕನ ಮುಂದೆ ಒಂದರ್ಧ ಗಂಟೆ ನಿಂತು ನೋಡಿ. ಬಂದವರ ಬಾಯಿ ನೋಡಿ ಆಕೆ ಮಾತು ಬದಲಾಯಿಸುತ್ತಾಳೆ. ತೆಲುಗಿನಲ್ಲಿ ರೇಟು ಹೇಳಿ, ಕನ್ನಡದಲ್ಲಿ ಚೌಕಾಸಿ ಮಾಡಿ, ತಮಿಳಿನಲ್ಲಿ ಚಿಲ್ಲರೆ ಎಣಿಸುತ್ತಾಳೆ. ಅವಳ ಮನೆಮಾತು ಯಾವುದೆಂದು ನನಗೂ ಇವತ್ತಿಗೂ ಗೊತ್ತಿಲ್ಲ, ಕೇಳುವ ರೂಢಿಯೂ ನಮ್ಮಲ್ಲಿಲ್ಲ. ಆದರೆ ತಾಲೂಕು ಕಚೇರಿ, ಪೊಲೀಸ್ ಠಾಣೆ, ವಿದ್ಯುತ್ ಕಚೇರಿಗೆ ಹೋದರೆ ಕಾಗದಪತ್ರ ಹೆಚ್ಚಾಗಿ ತಮಿಳಿನಲ್ಲೇ. ಓದಲು ಬರುವಷ್ಟಾದರೂ ಕಲಿಯಿರಿ. ಬಸ್ಸಿನ ಬೋರ್ಡು ಓದಿಕೊಂಡು ಶುರು ಮಾಡಿದರೆ ಬೇಗ ಬರುತ್ತದೆ. ಇನ್ನು ನಿಮ್ಮ ದಾವಣಗೆರೆ ಕಡೆಯ ರೊಟ್ಟಿ ಇಲ್ಲಿ ಎಲ್ಲೆಂದರಲ್ಲಿ ಸಿಗುವುದಿಲ್ಲ. ಮುದ್ದೆ ಸಿಗುತ್ತದೆ, ಅವರೆಕಾಯಿ ಕಾಲದಲ್ಲಿ ಬಂದರೆ ಅದರ ಸಾರಿನ ಜೊತೆ ರೊಟ್ಟಿ ಮರೆಯುತ್ತೀರಿ.

ಈಗ ಕಾಗದ. ನಮ್ಮ ಕಡೆ ಗಂಡು ಹೆಣ್ಣು ತರುವುದು ಕೊಡುವುದು ಆನೇಕಲ್ ಕಡೆಗೇ ಹೆಚ್ಚು. ನನ್ನ ಅತ್ತೆಯನ್ನು ಕೊಟ್ಟಿರುವುದೂ ಅಲ್ಲಿಗೇ. ಹಿರಿಯರ ಜಮೀನು ಒಂದಿಷ್ಟು ಗಡಿಯ ಆ ಕಡೆಯೂ ಇತ್ತು. ಭಾಗ ಮಾಡಲು ಕೂತ ದಿನ ಮಾವ ಗುಂಟೆಯಲ್ಲಿ ಹೇಳಿದರು, ಅಪ್ಪ ಸೆಂಟಿನಲ್ಲಿ ಹೇಳಿದರು. ಅಲ್ಲಿ ಎಕರೆಗೆ 40 ಗುಂಟೆ, ಇಲ್ಲಿ ಎಕರೆಗೆ 100 ಸೆಂಟು. ಗುಂಟೆ ಒಂದಕ್ಕೆ ಎರಡೂವರೆ ಸೆಂಟು. ಅವರ ಕೈಯಲ್ಲಿ ಪಹಣಿ, ನಮ್ಮ ಕೈಯಲ್ಲಿ ಪಟ್ಟಾ, ಚಿಟ್ಟಾ. ಪಹಣಿ ಕನ್ನಡ, ಪಟ್ಟಾ ತಮಿಳು. ಕೊನೆಗೆ ಊರಿನ ಮೇಷ್ಟ್ರೊಬ್ಬರು ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡನ್ನೂ ಬರೆದು ಕೊಟ್ಟ ಮೇಲೆ ಊಟಕ್ಕೆ ಎದ್ದರು. ಜಗಳ ಏನೂ ಇರಲಿಲ್ಲ, ಬರೀ ಲೆಕ್ಕ.

ಆ ಕಡೆಯಿಂದ ತಂದ ಸೊಸೆಗೆ ಅಲ್ಲಿಯ ಜಾತಿ ಪ್ರಮಾಣಪತ್ರ ಇರುತ್ತದೆ. ಇಲ್ಲಿ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವಾಗ ಮೀಸಲಾತಿಗೆ ಅದು ನಡೆಯುವುದಿಲ್ಲ. ಹತ್ತು ಕಿಲೋಮೀಟರ್ ಆಚೆಯ ಊರು, ಅದೇ ಜನ, ಅದೇ ದೇವರು, ಆದರೂ ನಡೆಯುವುದಿಲ್ಲ.

ಬಸ್ಸಿನದು ಇನ್ನೊಂದು ತಮಾಷೆ. ತಮಿಳುನಾಡಿನ ಟೌನ್ ಬಸ್ಸಿನಲ್ಲಿ 2021ರಿಂದ ಹೆಂಗಸರಿಗೆ ಟಿಕೆಟ್ ಇಲ್ಲ, ಯಾವ ಊರಿನವರೆಂದು ಯಾರೂ ಕೇಳುವುದಿಲ್ಲ. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂತು. ಅದಕ್ಕೆ ಕರ್ನಾಟಕದ ವಿಳಾಸ ಬೇಕು. ನನ್ನ ತಂಗಿ ಅತ್ತಿಬೆಲೆಯಲ್ಲಿ ಬಿಎಂಟಿಸಿ ಹತ್ತಿ ಅಚ್ಚ ಕನ್ನಡದಲ್ಲಿ ಮಾತಾಡಿ ಆಧಾರ್ ತೋರಿಸಿದರೆ, ಕಂಡಕ್ಟರ್ ಅದನ್ನು ತಿರುಗಿಸಿ ನೋಡಿ, "ಟಿಕೆಟ್ ತಗೊಳ್ಳಿ ಅಕ್ಕ, ಇದು ಹೊಸೂರಿಂದು" ಅನ್ನುತ್ತಾರೆ. ನಿಮ್ಮ ಮನೆಯವರ ಆಧಾರ್ ದಾವಣಗೆರೆ ವಿಳಾಸದಲ್ಲಿರುವ ತನಕ ಎರಡು ಕಡೆಯೂ ಲಾಭ. ಹೊಸೂರಿನಿಂದ ಹೊರಡುವ ಅಂತರರಾಜ್ಯ ಬಸ್ಸಿಗೆ ಶಕ್ತಿ ಇಲ್ಲ, ಗಡಿ ದಾಟಿ ಅತ್ತಿಬೆಲೆಯಲ್ಲೇ ಹತ್ತಬೇಕು. ಕೆಎ ನಂಬರಿನ ಬೈಕು ತರುವುದಾದರೆ ವರ್ಷದ ಮೇಲೆ ಇಲ್ಲಿ ಇಟ್ಟುಕೊಂಡರೆ ಹೊಸೂರಿನ ನಂಬರು ಟಿಎನ್ 70ಕ್ಕೆ ಬದಲಾಯಿಸಬೇಕು. ಕಲೆಕ್ಟರ್ ಕಚೇರಿ ಕೆಲಸ ಬಿದ್ದರೆ ಕೃಷ್ಣಗಿರಿಗೆ ಹೋಗಬೇಕು, ಸುಮಾರು 50 ಕಿಲೋಮೀಟರ್. ರೈಲು ನೋಡಬೇಡಿ, ಜಿಲ್ಲಾ ಕೇಂದ್ರಕ್ಕೆ ರೈಲೇ ಇಲ್ಲ. ಬೆಂಗಳೂರು–ಸೇಲಂ ರೈಲು ಹೊಸೂರು, ರಾಯಕೋಟೆ ಮೇಲೆ ಧರ್ಮಪುರಿಗೆ ಹೋಗುತ್ತದೆ, ಕೃಷ್ಣಗಿರಿಯನ್ನು ಮುಟ್ಟುವುದಿಲ್ಲ.

ನೀರಿನ ಬಗ್ಗೆಯೂ ಕೇಳಿದ್ದೀರಿ. ನಂದಿ ಬೆಟ್ಟದ ಕಡೆ ಹುಟ್ಟುವ ದಕ್ಷಿಣ ಪಿನಾಕಿನಿ ಇಲ್ಲಿ ತೆನ್‌ಪೆಣ್ಣೈ. ಬೆಳ್ಳಂದೂರು, ವರ್ತೂರು ಕೆರೆಗಳಿಂದ ಹೊರಬಿದ್ದ ನೀರು ಇದನ್ನೇ ಸೇರುತ್ತದೆ. ಹೊಸೂರಿನ ಹತ್ತಿರ ಕೆಲವರಪಳ್ಳಿ ಅಣೆಕಟ್ಟಿನ ಬಾಗಿಲು ಎತ್ತಿದ ದಿನ ಹೊಳೆಯ ಮೇಲೆ ಆಳೆತ್ತರ ಬಿಳಿ ನೊರೆ ಏಳುತ್ತದೆ, ಗಾಳಿಗೆ ಹಾರಿ ರಸ್ತೆಗೂ ಹೊಲಕ್ಕೂ ಬೀಳುತ್ತದೆ. ಬೆಂಗಳೂರಿನಲ್ಲಿ ಪಾತ್ರೆ ತೊಳೆದ ಸೋಪು ನಮ್ಮ ಹೊಲದಲ್ಲಿ ನೊರೆಯಾಗುತ್ತದೆ ಎಂದು ಹೇಳಿದರೆ ಅಲ್ಲಿಯ ಸ್ನೇಹಿತರು ನಕ್ಕುಬಿಡುತ್ತಾರೆ. ನನಗೆ ಅದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ. ಎರಡು ರಾಜ್ಯಗಳು ಆ ಹೊಳೆಯಲ್ಲಿ ಎಷ್ಟು ನೀರು ಯಾರಿಗೆ ಎಂದು ಸುಪ್ರೀಂ ಕೋರ್ಟಿನ ತನಕ ಹೋಗಿವೆ, ನೊರೆ ಯಾರದ್ದು ಎಂದು ಕೇಳುವವರು ಕಡಿಮೆ.

ರಾಗಿ ಕಾಳು ಕಟ್ಟುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಆನೆ ಬರುತ್ತವೆ. ಜವಳಗಿರಿ, ತಳಿ, ಸಾನಮಾವು ಕಾಡಿನಲ್ಲಿ ಹಗಲು ನಿಂತು ರಾತ್ರಿ ಹೊಲಕ್ಕಿಳಿಯುತ್ತವೆ. ಅಟ್ಟಣೆ ಮೇಲೆ ಕಂಬಳಿ ಹೊದ್ದು, ಪಟಾಕಿ, ಟಾರ್ಚು ಇಟ್ಟುಕೊಂಡು ಕಾವಲು ಕೂರುವುದು ಇನ್ನೂ ಇದೆ. ಅರಣ್ಯದವರು ಇಲ್ಲಿಂದ ಅಟ್ಟಿದರೆ ಅವು ಕರ್ನಾಟಕಕ್ಕೆ ಹೋಗುತ್ತವೆ, ಅಲ್ಲಿಯವರು ಅಟ್ಟಿದರೆ ವಾಪಸ್ ಬರುತ್ತವೆ. ಪರಿಹಾರ ಮಾತ್ರ ಹೊಲ ಯಾವ ರಾಜ್ಯದ್ದೋ ಆ ರಾಜ್ಯ ಕೊಡಬೇಕು. ನೀವು ಪೇಟೆಯಲ್ಲಿರುವವರು, ಹೆದರಬೇಕಾಗಿಲ್ಲ. ರಾತ್ರಿ ಹೊತ್ತು ತಳಿ ರಸ್ತೆಯಲ್ಲಿ ಬೈಕು ಬೇಡ, ಅಷ್ಟೆ.

ಕಾವೇರಿ ಗಲಾಟೆಯಾದರೆ ಏನು ಗತಿ ಎಂದಿರಿ. 2016ರ ಸೆಪ್ಟೆಂಬರ್‌ನಲ್ಲಿ ಬಸ್ಸುಗಳೆಲ್ಲ ಗಡಿಯಲ್ಲೇ ನಿಂತವು. ತಮಿಳುನಾಡಿನ ಬಸ್ಸು ಜೂಜುವಾಡಿಯ ತನಕ, ಕರ್ನಾಟಕದ್ದು ಅತ್ತಿಬೆಲೆಯ ತನಕ, ನಡುವೆ ಕಾಲ್ನಡಿಗೆ. ಸೂಟ್‌ಕೇಸು ತಲೆ ಮೇಲೆ, ಮಗು ಸೊಂಟದ ಮೇಲೆ, ಎರಡೂ ದಿಕ್ಕಿನಿಂದ ಜನ. ಆ ದಿನಗಳಲ್ಲೂ ನಮ್ಮೂರಲ್ಲಿ ಪಕ್ಕದ ತಮಿಳು ಮನೆಯವರ ಜೊತೆ ಮಾತು ಬಿಟ್ಟವರನ್ನು ನಾನು ಕಾಣಲಿಲ್ಲ. ಹೂವಿನವರಿಗೆ ಮಾತ್ರ ಪೆಟ್ಟು ಬಿತ್ತು: ಕೊಯ್ದ ಹೂ ರಸ್ತೆ ತೆರೆಯುವ ತನಕ ಕಾಯುವುದಿಲ್ಲವಲ್ಲ. ವಾಟಾಳ್ ನಾಗರಾಜ್ ಅತ್ತಿಬೆಲೆಗೆ ಬರುತ್ತಾರೆ ಎಂದು ಸುದ್ದಿ ಬಂದರೆ ಆ ದಿನ ಮುಂಜಾನೆಯೇ ಹೊರಡಿ.

ಉಳಿದದ್ದು ಶಾಲೆ. ನಿಮ್ಮ ಪ್ರಶ್ನೆಯಲ್ಲಿ ಅದು ಕೊನೆಯ ಸಾಲಿನಲ್ಲಿತ್ತು, ನಾನಾದರೆ ಮೊದಲ ಸಾಲಿಗೆ ಹಾಕುತ್ತಿದ್ದೆ. ಈ ಭಾಗದಲ್ಲಿ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಿವೆ. ಪುಸ್ತಕ ಅಚ್ಚು ಮಾಡುವುದು ತಮಿಳುನಾಡು ಸರ್ಕಾರವೇ. ಪಾಠ ಅವರದ್ದು, ಅಕ್ಷರ ನಮ್ಮದು. ನಾನು ಓದಿದ್ದೂ ಹಾಗೇ. 2006ರಲ್ಲಿ ತಮಿಳು ಕಲಿಕೆಯ ಕಾಯ್ದೆ ಬಂತು. ಆ ವರ್ಷ ಒಂದನೇ ತರಗತಿಗೆ ತಮಿಳು ಕಡ್ಡಾಯವಾಯಿತು, ವರ್ಷಕ್ಕೊಂದು ತರಗತಿಯಂತೆ ಮೇಲೇರಿ 2015–16ಕ್ಕೆ ಹತ್ತನೇ ತರಗತಿ ಮುಟ್ಟಿತು. ಕಲಿಯುವುದಕ್ಕೆ ನಮ್ಮ ಮಕ್ಕಳು ಹಿಂದೆಮುಂದೆ ನೋಡಿದವರಲ್ಲ. ಕಲಿಸುವ ಮೇಷ್ಟ್ರು ಇಲ್ಲದ ಶಾಲೆಯಲ್ಲಿ ಪಬ್ಲಿಕ್ ಪರೀಕ್ಷೆಗೆ ತಮಿಳು ಪತ್ರಿಕೆ ಬರೆ ಎಂದರೆ ಹೇಗೆ ಬರೆಯುವುದು? ಕನ್ನಡ, ತೆಲುಗು, ಉರ್ದು ಮಕ್ಕಳ ಪರವಾಗಿ ಮದ್ರಾಸ್ ಹೈಕೋರ್ಟಿಗೆ ಹೋಗಿ ವಿನಾಯಿತಿ ತಂದರು. 2023ರಲ್ಲಿ ಸುಪ್ರೀಂ ಕೋರ್ಟು ಆ ವರ್ಷದ ಪರೀಕ್ಷೆಗೆ ವಿನಾಯಿತಿ ಕೊಟ್ಟಿತು. ನಮ್ಮ ಅಣ್ಣನ ಮಗಳು ಗಣಿತ, ವಿಜ್ಞಾನ ಓದಿಕೊಂಡು ಕೂತಿದ್ದಾಗ ಮನೆಯವರೆಲ್ಲ ಕೋರ್ಟಿನ ಸುದ್ದಿ ಹುಡುಕುತ್ತಿದ್ದರು. ಪರೀಕ್ಷೆಗೆ ಓದಬೇಕಾದ ಪುಸ್ತಕ ಎಷ್ಟು ಎನ್ನುವುದೇ ಪರೀಕ್ಷೆ ಹತ್ತಿರ ಬರುವ ತನಕ ನಿಶ್ಚಯವಿಲ್ಲದಿದ್ದರೆ ಹೇಗಿರುತ್ತದೆ ನೋಡಿ.

ಈ ರಗಳೆ ಬೇಡವೆಂದು ಕೆಲವರು ಮಕ್ಕಳನ್ನು ಬೆಳಿಗ್ಗೆ ವ್ಯಾನಿನಲ್ಲಿ ಅತ್ತಿಬೆಲೆ ಕಡೆಯ ಶಾಲೆಗೆ ಕಳಿಸುತ್ತಾರೆ. ಹೆಚ್ಚಿನವರು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿ, ಕನ್ನಡ ಮನೆಯಲ್ಲಿ ಮಾತಾಡಿದರೆ ಸಾಕು ಎನ್ನುತ್ತಾರೆ. ಆ ಮಕ್ಕಳಿಗೆ ಈಗ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಸಿಬಿಎಸ್‌ಇ ಶಾಲೆಯಾದರೂ ತಮಿಳು ಯಾವ ತರಗತಿಯಿಂದ, ಹೊಸದಾಗಿ ಬಂದ ಮಗುವಿಗೆ ರಿಯಾಯಿತಿ ಉಂಟೇ ಎಂದು ದಾಖಲಾತಿಗೆ ಮೊದಲೇ ಬಾಯಿಬಿಟ್ಟು ಕೇಳಿ, ಸಾಧ್ಯವಾದರೆ ಬರೆಸಿಕೊಳ್ಳಿ. ಎರಡನೇ ತರಗತಿಯ ಮಗುವಾದರೆ ವರ್ಷದೊಳಗೆ ಬೀದಿಯಲ್ಲೇ ತಮಿಳು ಕಲಿತುಬಿಡುತ್ತದೆ. ಎಂಟು, ಒಂಬತ್ತಾದರೆ ಮನೆಯನ್ನು ಅತ್ತಿಬೆಲೆಯಲ್ಲೋ ಚಂದಾಪುರದಲ್ಲೋ ನೋಡಿ, ನೀವೊಬ್ಬರು ಕೆಲಸಕ್ಕೆ ಈ ಕಡೆ ಓಡಾಡುವುದು ಮೇಲು. ಮಗು ಎಷ್ಟನೇ ತರಗತಿ ಎಂದು ನೀವು ಬರೆದಿಲ್ಲ. ಅದನ್ನು ತಿಳಿಸಿ, ಯಾವ ಏರಿಯಾದಲ್ಲಿ ಬಾಡಿಗೆ ಹುಡುಕುವುದು ಎಂದು ಆಮೇಲೆ ಹೇಳುತ್ತೇನೆ.