ಕಾರವಾರದಲ್ಲಿ ಹಳೇ ಬೈಕ್ ತಗೊಳ್ಳುವಾಗ ಮೀಟರ್ ಬಿಡಿ, ತುಕ್ಕು ನೋಡಿ

ಈಗಷ್ಟೇ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಆಗಿದೆ, ಬಂದರಿನ ಹತ್ತಿರ ಒಬ್ಬರ ಮನೆಯಲ್ಲಿ ಹತ್ತು ವರ್ಷದ ಪಲ್ಸರ್ 150 ಇದೆ, ಬರೀ 18 ಸಾವಿರ ಕಿ.ಮೀ. ಓಡಿದೆ, ತಗೊಳ್ಳಲಾ ಅಂತ ಕೇಳಿದ್ದೀರಿ. ಆ 18 ಸಾವಿರ ನೋಡಿ ಮರುಳಾಗಬೇಡಿ. ನಮ್ಮ ಕರಾವಳಿಯಲ್ಲಿ ಓಡಿದ ಗಾಡಿಗಿಂತ ನಿಂತ ಗಾಡಿಯೇ ಬೇಗ ಹಾಳಾಗೋದು. ವರ್ಷವಿಡೀ ಉಪ್ಪು ಗಾಳಿ, ಜೊತೆಗೆ ನಾಲ್ಕು ತಿಂಗಳ ಮಳೆ.

ನಾನು ಮೊದಲು ತಗೊಂಡಿದ್ದೂ ಹಾಗೆ ನಿಂತಿದ್ದ ಗಾಡಿಯೇ. ಹೊರಗಿನಿಂದ ಫಳಫಳ ಹೊಳೀತಿತ್ತು. ಕುಮಟಾದಿಂದ ಶಿರಸಿಗೆ ಹೊರಟಾಗ ದೇವಿಮನೆ ಘಟ್ಟದ ತಿರುವಿನಲ್ಲಿ ಬಂದ್ ಬಿತ್ತು, ಹಿಂದೆ ಲಾರಿ, ಕೈಕಾಲು ನಡುಗಿಹೋಯಿತು. ಮೆಕ್ಯಾನಿಕ್ ಕಾರ್ಬೊರೇಟರ್ (ಎಂಜಿನ್‌ಗೆ ಪೆಟ್ರೋಲ್-ಗಾಳಿ ಬೆರೆಸಿ ಕೊಡುವ ಭಾಗ) ಬಿಚ್ಚಿ ಅದರ ತಳದಲ್ಲಿದ್ದ ಪೆಟ್ರೋಲನ್ನು ಅಂಗೈಗೆ ಸುರಿದು ತೋರಿಸಿದರು. ಪೆಟ್ರೋಲ್ ಆರಿಹೋಯಿತು, ಅಂಗೈಯಲ್ಲಿ ಕೆಂಪು ಪುಡಿ ಉಳಿಯಿತು. ಟ್ಯಾಂಕ್ ಒಳಗಿನ ತುಕ್ಕು ಅದು.

ಹಾಗಾಗಿ ಮೊದಲು ಟ್ಯಾಂಕ್ ಮುಚ್ಚಳ ತೆಗೆದು ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಆಮೇಲೆ ಮುಂದಿನ ಶಾಕ್‌ಅಬ್ಸಾರ್ಬರ್ ರಾಡ್ ಮೇಲೆ ಉಗುರು ಎಳೆಯಿರಿ, ಚುಕ್ಕಿ ಚುಕ್ಕಿ ತುಕ್ಕು ಸಿಕ್ಕರೆ ಅದು ಆಯಿಲ್ ಸೀಲನ್ನು (ಒಳಗಿನ ಎಣ್ಣೆ ತಡೆಯುವ ರಬ್ಬರ್ ರಿಂಗ್) ಹರಿದುಹಾಕುತ್ತೆ, ಎಷ್ಟು ಸಲ ಸೀಲ್ ಹಾಕಿಸಿದರೂ ಮತ್ತೆ ಸೋರುತ್ತೆ. ಬಗ್ಗಿ ಸೈಲೆನ್ಸರ್ ಅಡಿ, ಡಬಲ್ ಸ್ಟ್ಯಾಂಡಿನ ಬುಡ ನೋಡಿ. ಅಲ್ಲಿ ಮಾತ್ರ ಹೊಸ ಕಪ್ಪು ಪೇಂಟ್ ಇದ್ದರೆ ತುಕ್ಕು ಮುಚ್ಚಿರಬಹುದು ಅಂತ ಅನುಮಾನ ಪಡಿ. ನೀವು ಬರೋ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿಟ್ಟು, ಹೋದ ತಕ್ಷಣ ಎಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ತಣ್ಣಗಾಗೋವರೆಗೆ ಕಾಯಿರಿ, ಯಾಕಂದ್ರೆ ತಣ್ಣಗಿದ್ದಾಗಲೇ ಗಾಡಿಯ ನಿಜ ಗೊತ್ತಾಗೋದು. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಿಡ್ತಾ ಇದ್ದರೆ ಎಂಜಿನ್ ಆಯಿಲ್ ಸುಡ್ತಿದೆ ಅಂತ ಅರ್ಥ, ಬಿಟ್ಟುಬಿಡಿ.

ಇನ್ನೊಂದು. ಕಲಿಯುವವರಿಗೆ ಪಲ್ಸರ್ ಬೇಡ ಅನ್ನೋದು ನನ್ನ ಅಭಿಪ್ರಾಯ. ಅದು 140 ಕೆಜಿ ಮೇಲಿದೆ, ಸ್ಪ್ಲೆಂಡರ್ ಸುಮಾರು 110. ಕಲಿಯುವಾಗ ಒಂದೆರಡು ಸಲ ಗಾಡಿ ವಾಲೇ ವಾಲುತ್ತೆ, ಆಗ ಆ 30 ಕೆಜಿ ತುಂಬಾ ದೊಡ್ಡದು. ಸಾಧ್ಯವಾದರೆ 2019ರ ಏಪ್ರಿಲ್ ನಂತರದ್ದು ನೋಡಿ. ಆಗ 125 ಸಿಸಿ ಮೇಲಿನ ಹೊಸ ಗಾಡಿಗೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯೋದು), ಉಳಿದವಕ್ಕೆ ಕನಿಷ್ಠ ಸಿಬಿಎಸ್ (ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರಕ್ಕೆ ಹಿಡಿಯೋದು) ಕಡ್ಡಾಯ ಆಯಿತು. ಮಳೆಗಾಲದ ರಸ್ತೆಯಲ್ಲಿ ಹೊಸಬರಿಗೆ ಅದು ದೊಡ್ಡ ಆಸರೆ.

ಕಾಗದಪತ್ರ: ಆರ್‌ಸಿಯಲ್ಲಿರುವ (ನೋಂದಣಿ ಪತ್ರ) ಚಾಸಿಸ್ ನಂಬರ್ ಗಾಡಿ ಮೇಲಿನದಕ್ಕೆ ತಾಳೆ ಆಗಬೇಕು. ಗಾಡಿ ನಿಮ್ಮ ಹೆಸರಿಗೆ ಮಾಡಿಸೋ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಳ್ಳಿ, ಲೋನ್ ಇದ್ದಿದ್ದರೆ ಅದು ತೀರಿದೆ ಅನ್ನೋ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ (ತಕರಾರಿಲ್ಲ ಅನ್ನೋ ಪತ್ರ) ಕೂಡ ಬೇಕು. ಇನ್ಶೂರೆನ್ಸನ್ನೂ ಗಾಡಿ ಕೈಬದಲಾದ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಗೋವಾ ನಂಬರಿನ ಗಾಡಿ ಅಗ್ಗಕ್ಕೆ ಸಿಗುತ್ತೆ ಅಂತ ಯಾರಾದರೂ ಹೇಳಿದರೆ ಅಲ್ಲಿನ ಎನ್‌ಒಸಿ, ಇಲ್ಲಿನ ರಸ್ತೆ ತೆರಿಗೆ ಎರಡನ್ನೂ ಸೇರಿಸಿ ಲೆಕ್ಕ ಹಾಕಿ.

ನೋಡೋಕೆ ಹೋಗುವಾಗ ಲೈಸೆನ್ಸ್ ಇರುವ, ಗಾಡಿ ಗೊತ್ತಿರುವ ಒಬ್ಬರನ್ನು ಕರ್ಕೊಂಡು ಹೋಗಿ, ಟ್ರಯಲ್ ಅವರೇ ಓಡಿಸಲಿ. ಟ್ಯಾಂಕ್ ಒಳಗಿನ ಒಂದು ಫೋಟೋ ತೆಗೆದು ಇಲ್ಲಿ ಹಾಕಿ, ನೋಡಿ ಹೇಳ್ತೀನಿ.